ಹದಿನೇಳು ಸಂತೆಗಳ ಜಾಲ

ಶೈಲಶ್ರೀಗೆ ಗೈಡ್ ಇರಲಿಲ್ಲ. ಮೊದಲಿದ್ದವರು ಮಾರ್ಚಿನಲ್ಲಿ ನಿವೃತ್ತರಾಗಿದ್ದರು. ಡಿಸೆಂಬರಿನೊಳಗೆ ಬೇರೊಬ್ಬರು ಸಹಿ ಹಾಕದಿದ್ದರೆ ಅವಳ ಐದು ವರ್ಷದ ಪಿಎಚ್.ಡಿ. ನೋಂದಣಿ ರದ್ದಾಗುತ್ತಿತ್ತು. ಅದಕ್ಕೇ ಸೆಪ್ಟೆಂಬರಿನಲ್ಲಿ, ತಾನು ಅತಿಥಿ ಉಪನ್ಯಾಸಕಿಯಾಗಿದ್ದ ಸಂಶಿಯ ಕಾಲೇಜಿನಲ್ಲಿ, ಜಾಲಗಳ ಗಣಿತದ ಮೇಲೆ ಎರಡು ದಿನದ ಸಣ್ಣ ಸಭೆ ಕರೆದಿದ್ದಳು. ಏಳು ಜನ ಬಂದರು. ಅವಳಿಗೆ ಬೇಕಾದವರು ಒಬ್ಬರೇ, ಪ್ರೊಫೆಸರ್ ಪ್ರಭಂಜನ.

ಭೌತಶಾಸ್ತ್ರದ ಲ್ಯಾಬಿನಲ್ಲಿ ಫ್ಯಾನು ತಿರುಗುತ್ತಿತ್ತು, ನೊಣ ಮಾತ್ರ ಏಳುತ್ತಿರಲಿಲ್ಲ. ಶೈಲಶ್ರೀ ಬೋರ್ಡಿನ ಮೇಲೆ ಹದಿನೇಳು ಚುಕ್ಕೆ ಇಟ್ಟಳು. ಒಂದೊಂದು ಚುಕ್ಕೆ ಒಂದೊಂದು ದನದ ಸಂತೆ. ಚುಕ್ಕೆಯಿಂದ ಚುಕ್ಕೆಗೆ ಬಾಣ ಎಳೆದಳು.

ಈ ಕಡೆ ಸಂತೆಗೆ ಹೊಡೆದ ದನ ಮಾರಾಟವಾಗದಿದ್ದರೂ ಮನೆಗೆ ಮರಳುವುದಿಲ್ಲ. ಮರಳಿದರೆ ಗೋದಲಿಗೆ ಕೇಡು ಎಂದು ನಂಬುತ್ತಾರೆ. ದಲಾಲಿ ಅದನ್ನು ಮುಂದಿನ ಸಂತೆಗೆ ಸಾಗಿಸುತ್ತಾನೆ, ಅಲ್ಲೂ ಹೋಗದಿದ್ದರೆ ಅದರಾಚೆಗೆ. ಆದ್ದರಿಂದ ಅವಳ ಜಾಲದಲ್ಲಿ ಹಿಂದಕ್ಕೆ ಬರುವ ಬಾಣವೇ ಇರಲಿಲ್ಲ. ಗುಡಗೇರಿಯ ಚುಕ್ಕೆಗೆ ಸುಣ್ಣದ ಕಡ್ಡಿಯಿಂದ ಸುತ್ತು ಹಾಕಿ ಹೇಳಿದಳು: ರೋಗವೊಂದು ಇಲ್ಲಿ ಹೊಕ್ಕರೆ ಆರು ವಾರದಲ್ಲಿ ಹನ್ನೊಂದು ಸಂತೆ ಮುಟ್ಟುತ್ತದೆ. ಈ ಒಂದನ್ನು ಸಮಯಕ್ಕೆ ಸರಿಯಾಗಿ ಮುಚ್ಚಿದರೆ ಎರಡಕ್ಕೆ ನಿಲ್ಲುತ್ತದೆ.

"ಮೇಡಮ್ಮರ, ದನಾ ನಿಮ್ಮ ಬಾಣಾ ನೋಡ್ಕೋಂತ ಹೊಕ್ಕಾವೇನ್ರಿ?" ಎಂದ ಸಂಶೋಧನ ವಿದ್ಯಾರ್ಥಿ ಹೇಮಂತ. ಎಲ್ಲರೂ ನಕ್ಕರು.

"ನಿನ್ನಕಿಂತ ನೆಟ್ಟಗ ಹೊಕ್ಕಾವ ತಗೋ," ಎಂದಳು.

ಪ್ರಭಂಜನ ನಗಲಿಲ್ಲ. "ಪ್ರಮೇಯ ಛಲೋ ಅದ. ಆದ್ರ ನೀವು ಹಳೇ ಚರ್ಮಗಂಟು ರೋಗದ ಅಂಕಿ ಇಟಗೊಂಡು ಇದನ್ನ ಕಟ್ಟೀರಿ. ಹಳೇದಕ್ಕ ಅದು ಹೊಂದೇ ಹೊಂದತದ, ಅದರಾಗೇನು ದೊಡ್ಡಸ್ತಿಕಿ? ಇನ್ನೂ ಆಗದ್ದನ್ನ ಹೇಳಿ ತೋರಸ್ರಿ. ಅವತ್ತ ಸಹಿ ಹಾಕತೀನಿ."

ಚಹಾದ ಹೊತ್ತಿಗೆ ಅಲ್ಲಾಸಾಬ ಬಂದ. ಮೂವತ್ತು ವರ್ಷದಿಂದ ದನದ ದಲಾಲಿ. ಬೋರ್ಡಿನ ಮೇಲಿನ ಬಾಣಗಳಲ್ಲಿ ಅರ್ಧಕ್ಕರ್ಧ ಅವನ ಬಾಯಿಂದ ಬಂದವು. ಅವನು ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಅವಳನ್ನು ಕರೆದ.

"ಅಕ್ಕಾರ, ದುಮ್ಮವಾಡದಿಂದ ಎಂಟು ಎತ್ತ ಬಂದಾವ್ರಿ. ಎರಡರ ಮೈಮ್ಯಾಲೆ ಗಂಟ ಎದ್ದಾವ. ಮಾಲಕ ಅರಿಷಿಣಾ ಬಡದು ಮುಚ್ಯಾನ. ನಾಳಿ ಗುಡಗೇರಿ ಸಂತಿಗೆ ಹೊಂಟಾವ."

"ಬ್ಯಾಡ ಅನ್ನಾಕ ನಿನಗ ಬಾಯಿಲ್ಲನ ಕಾಕಾ?"

"ನಾ ಬ್ಯಾಡ ಅಂದ್ರ ನಾಡದ್ದಿನಿಂದ ನನ್ನ ಕೈಯಾಗ ಯಾಂವ ದನಾ ಕೊಡ್ತಾನಬೇ? ನೀವ ಡಾಕ್ಟರಿಗೆ ಹೇಳ್ರಿ. ಕಲತವರ ಮಾತ ಅಂದ್ರ ಕೇಳ್ತಾರ."

ಅದು ನಿಜ. ದನದ ಡಾಕ್ಟರೇ ಅವಳಿಗೆ ಹಳೆಯ ಅಂಕಿ ಕೊಟ್ಟಿದ್ದರು. ಅನುಮಾನ ಬಂದರೆ ಒಂದು ಫೋನು ಮಾಡಿ, ಸಂತೆ ನಿಲ್ಲಿಸುತ್ತೇನೆ ಎಂದೂ ಹೇಳಿದ್ದರು.

"ಹೇಳ್ತೀನಿ," ಎಂದಳು.

"ಇವತ್ತ ಹೇಳ್ರಿ," ಎಂದು ಅಲ್ಲಾಸಾಬ ಹೊರಟ.

ಅವಳು ವರಾಂಡದಲ್ಲಿ ನಿಂತು ಡಾಕ್ಟರ ನಂಬರು ತೆಗೆದಳು. ಒತ್ತಲಿಲ್ಲ. ಲೋಟ ಹಿಡಿದು ಹೊರಬಂದ ಪ್ರಭಂಜನರಿಗೆ ವಿಷಯ ತಿಳಿಸಿದಳು. ಫೋನು ಮಾಡಿ ಎಂದು ಅವರು ಹೇಳಿದರೆ ಮಾಡಿಬಿಡೋಣ ಎಂದಿತ್ತು ಅವಳಿಗೆ.

ಅವರು ಚಹಾ ಪೂರ್ತಿ ಕುಡಿದರು. "ಸಂತಿ ನಿಂತರ ಏನೂ ಆಗೂದಿಲ್ಲ," ಎಂದರು. "ಏನೂ ಆಗದೇ ಇದ್ದದ್ದು ಪುರಾವೆ ಅಲ್ಲ, ಶೈಲಶ್ರೀ. ನಿಮ್ಮ ಪ್ರಮೇಯದಿಂದ ನಿಂತಿತೋ, ತಾನ ನಿಂತಿತೋ, ಯಾರು ಹೇಳಬೇಕು? ಇಷ್ಟ ನಾ ಗಣಿತದ ಮಾತು ಹೇಳಿದೆ. ಉಳದದ್ದು ನಿಮಗ ಬಿಟ್ಟದ್ದು."

ನಾಳೆ ಮಾಡಿದರೂ ತಡವಾಗಲಿಕ್ಕಿಲ್ಲ ಎಂದುಕೊಂಡಳು. ತಡವಾಗುತ್ತದೆ ಎಂಬುದನ್ನು ಅರ್ಧ ತಾಸಿನ ಹಿಂದೆ ಅವಳೇ ಬೋರ್ಡಿನ ಮೇಲೆ ಸಾಧಿಸಿ ತೋರಿಸಿದ್ದಳು.

ಸಂಜೆ ಒಂದು ಹಾಳೆಯಲ್ಲಿ ಹನ್ನೊಂದು ಸಂತೆಗಳ ಹೆಸರು ಬರೆದಳು, ಪ್ರತಿಯೊಂದರ ಮುಂದೆ ರೋಗ ಮುಟ್ಟುವ ವಾರ. ಲಕೋಟೆಗೆ ಹಾಕಿ ಅಂಟಿಸಿದಳು. ಏಳೂ ಜನ ಅಂಟಿನ ಮೇಲೆ ಸಹಿ ಮಾಡಿದರು. ಪ್ರಭಂಜನ ಅದನ್ನು ತಮ್ಮ ಚೀಲದಲ್ಲಿಟ್ಟುಕೊಂಡರು. ಹೇಮಂತನೂ ಆಗ ಚೇಷ್ಟೆ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಸಭೆ ನಡೆದಿರುವಾಗ ಹೊರಗೆ ಗುಡಗೇರಿಯ ಕಡೆ ಒಂದರ ಹಿಂದೊಂದು ಟೆಂಪೊ ಹೋದವು. ಎತ್ತಿನ ಕೊಂಬು ಕಿಟಕಿಯ ಸರಳಿನಾಚೆ ಕಾಣಿಸುತ್ತಿದ್ದವು. ಮಾತನಾಡುತ್ತಿದ್ದವರು ಸದ್ದು ಮುಗಿಯುವವರೆಗೆ ನಿಂತು, ಮತ್ತೆ ಮುಂದುವರಿಸಿದರು. ಶೈಲಶ್ರೀ ಟಿಪ್ಪಣಿ ಬರೆದುಕೊಳ್ಳುತ್ತ ಕುಳಿತಳು. ತಲೆ ಎತ್ತಲಿಲ್ಲ.

ಸಂಜೆ ಎಲ್ಲರನ್ನೂ ಬಸ್ಸು ಹತ್ತಿಸಿ ಡಾಕ್ಟರಿಗೆ ಫೋನು ಮಾಡಿದಳು.

"ಯಾವಾಗ ಗೊತ್ತಾತ್ರಿ ನಿಮಗ?" ಎಂದರು ಅವರು.

"ನಿನ್ನೆರಿ."

"ಮತ್ತ ನಿನ್ನೆ ಯಾಕ ಹೇಳಲಿಲ್ಲ?"

"ಸಭೆ ಇತ್ರಿ."

"ಸಂತಿ ಒಡದು ಎರಡು ತಾಸ ಆತು," ಎಂದರು ಡಾಕ್ಟರು. "ಯಾವ ದನಾ ಯಾವ ಊರಿಗೆ ಹೋದ್ವು ಅಂತ ಈಗ ಯಾರನ್ನ ಕೇಳ್ಲಿ? ನಿಮ್ಮನ್ನ ಕೇಳ್ಲ್ಯಾ?"

ಅವಳಿಗೆ ಅದೂ ಗೊತ್ತಿತ್ತು. ಲಕೋಟೆಯಲ್ಲಿತ್ತು. ಆದರೂ ಹೇಳಲಿಲ್ಲ.

ಮೂರನೇ ದಿನ ಅಲ್ಲಾಸಾಬನೇ ಫೋನು ಮಾಡಿದ. ಅವಳು ಎತ್ತಲಿಲ್ಲ. ಅವನು ಮತ್ತೆ ಮಾಡಲಿಲ್ಲ.

ನವೆಂಬರಿನ ಮೊದಲ ವಾರ ಪ್ರಭಂಜನರ ಕೋಣೆಯಲ್ಲಿ ಲಕೋಟೆ ಒಡೆದರು. ಹನ್ನೊಂದು ಹೆಸರುಗಳಲ್ಲಿ ಹತ್ತು ಸರಿಯಾಗಿದ್ದವು. ಎಂಟರಲ್ಲಿ ವಾರವೂ ಸರಿ. ಅವರು ಪೆನ್ನು ತೆಗೆದು ಸಹಿ ಹಾಕಿದರು. ಪ್ರಬಂಧಕ್ಕೆ ಅನುಬಂಧವೊಂದು ಬೇಕು, ನಷ್ಟದ ಅಂಕಿ ತರಿಸಿ ಸೇರಿಸಿ ಎಂದರು. ಅವಳು ಡಾಕ್ಟರ ಕಚೇರಿಗೆ ಹೋಗಿ ಗುಮಾಸ್ತನಿಂದ ಬರೆದುಕೊಂಡು ಬಂದಳು.

ಎತ್ತು ನಲವತ್ತಾರು. ಆಕಳು ಅರವತ್ತೊಂದು. ಕರು ಇಪ್ಪತ್ತೆಂಟು. ಒಟ್ಟು ನೂರಾ ಮೂವತ್ತೈದು.