ಡಬ್ಬಿಯಲ್ಲಿ ಸಾಸಿವೆ ಸೊಪ್ಪು

ಇದು ಕಟ್ಟಿದ ಕಥೆಯಲ್ಲ. ಮಲವಗೊಪ್ಪದ ಟೀ ಅಂಗಡಿಯ ಬೆಂಚನ್ನು ಬೇಕಾದರೆ ಕೇಳಿ. ಮೂರ್ತಪ್ಪ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಮುಂದೆ ತಳ್ಳಿದ್ದೇ ತಡ, ಜಾಕಿರ್‌ನ ಬಾಯಲ್ಲಿದ್ದ ಟೀ ಒಳಗೂ ಇಳಿಯದೆ ಹೊರಗೂ ಬರದೆ ನಿಂತುಬಿಟ್ಟಿತು. ಡಬ್ಬಿಯಲ್ಲಿದ್ದದ್ದು ಸಾಸಿವೆ ಸೊಪ್ಪಿನ ಪಲ್ಯ.

"ನಮ್ಮ ಹೊಲದ್ದೇ ಕಣೋ. ಹೊಸ ಬೆಳೆ ಮೊದ್ಲು ಹೊರಗಿನವರ ಬಾಯಿಗೆ ಬೀಳ್ಬೇಕು ಅಂತಾಳೆ ನಮ್ಮನೆಯವಳು ಲಿಂಗಮ್ಮ. ನೀನು ತಿನ್ನು, ಆಮೇಲೆ ನಾವು."

ಆ ಹೊಲದ ಸಂಗತಿ ಜಾಕಿರ್‌ಗೆ ಗೊತ್ತಿಲ್ಲದ್ದೇನಲ್ಲ. ಮುಚ್ಚಿಹೋದ ಯಾವುದೋ ಕಾರ್ಖಾನೆಯವರು ಸುರಿದ ಕಪ್ಪು ಕೆಸರಿನಿಂದ ಮಣ್ಣಿಗೆ ಸೆಲೆನಿಯಂ ಸೇರಿ, ಅಲ್ಲಿ ಮೇದ ಎಮ್ಮೆಯ ಗೊರಸು ಸೀಳಿತ್ತು, ಬಾಲದ ಕೂದಲು ಉದುರಿತ್ತು. ಅಲ್ಲಿ ಬೆಳೆದದ್ದನ್ನೇ ಉಂಡ ಮೂರ್ತಪ್ಪನ ಹೆಬ್ಬೆರಳಿನ ಉಗುರೂ ಹೋಗಿತ್ತು. ಸಾಸಿವೆ ಬಿತ್ತಿ, ಅದು ವಿಷ ಹೀರಿಕೊಳ್ಳುತ್ತದೆ, ಬೇರು ಸಮೇತ ಕಿತ್ತು ಕಳಿಸಿ, ದನಕ್ಕೂ ಹಾಕಬೇಡಿ, ಮಣ್ಣು ಶುದ್ಧವಾದ ದಿನ ಫೋನ್ ಮಾಡುತ್ತೇನೆ ಎಂದಿದ್ದರು ಮಣ್ಣು ಶುದ್ಧಿ ಯೋಜನೆಯ ಗುರುಪ್ರಸಾದ್. ಕಿತ್ತದ್ದನ್ನು ತನ್ನ ಗೂಡ್ಸ್ ಆಟೋದಲ್ಲಿ ಸಾಗಿಸುತ್ತಿದ್ದವನು ಜಾಕಿರ್. ಫೋನು ಬರಲಿಲ್ಲ. ಮೂರ್ತಪ್ಪ ಮಾತ್ರ ಸ್ನಾನಕ್ಕೆ ಹೋದರೂ ಫೋನನ್ನು ಬಚ್ಚಲ ಗೂಡಿನಲ್ಲಿಟ್ಟುಕೊಳ್ಳುತ್ತಿದ್ದ.

ನಿನ್ನೆ ಬೆಂಚಿನವರು ಕುಮ್ಮಕ್ಕು ಕೊಟ್ಟರು. ಯಾರ ದನಿಯನ್ನಾದರೂ ಎತ್ತಿಕೊಳ್ಳಬಲ್ಲ ಜಾಕಿರ್, ಬೇರೆ ನಂಬರಿನಿಂದ, ಮೂಗು ಹಿಡಿದು, ಗುರುಪ್ರಸಾದರ ಕೆಮ್ಮನ್ನೂ ಬಿಡದೆ, "ಮೂರ್ತಪ್ಪನವರೇ, ನಿಮ್ಮ ಮಣ್ಣು ಶುದ್ಧ" ಎಂದುಬಿಟ್ಟ. ಇವತ್ತು ಮೂರ್ತಪ್ಪ ಖುಷಿಗೆ ಮೈಸೂರುಪಾಕು ಹಂಚುತ್ತಾನೆ, ತಿಂದು ಗುಟ್ಟು ಬಿಚ್ಚೋಣ ಎಂಬ ಲೆಕ್ಕ. ಲೆಕ್ಕದಲ್ಲಿ ಪಲ್ಯ ಇರಲಿಲ್ಲ.

"ತಿನ್ನು ಮಾರಾಯ."

ಜಾಕಿರ್ ಡಬ್ಬಿಯ ಮೇಲೆ ಅಂಗೈ ಮುಚ್ಚಿದ. "ಬೇಡ ಮೂರ್ತಣ್ಣ. ಮನೇಲೂ ಯಾರೂ ತಿನ್ಬೇಡಿ. ಆ ಫೋನು ನಾನೇ ಮಾಡಿದ್ದು."

ಕಾದು ಕೂತಿದ್ದ ಬೆಂಚು ಗೊಳ್ಳೆಂದಿತು. ಮೂರ್ತಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ.

"ಹಾಗಾದ್ರೆ ಸಾಹೇಬ್ರು ಯಾವಾಗ ಮಾಡ್ತಾರೆ?"

"ಅವರ ಆಫೀಸು ಖಾಲಿ ಆಗಿದೆ ಅಣ್ಣ. ಶಿವಮೊಗ್ಗದಲ್ಲಿ ಈಗ ಬೋರ್ಡೂ ಇಲ್ಲ."

"ನಿಂಗೆ ಮುಂಚೆನೇ ಗೊತ್ತಿತ್ತಾ?"

ಜಾಕಿರ್ ಡಬ್ಬಿಯ ಮೇಲಿನ ಕೈ ತೆಗೆದ. ಆಗ ಮೂರ್ತಪ್ಪನಿಗೆ ನಗು ಬಂತು. ಮೊದಲು ಭುಜ ಕುಲುಕಿತು, ಆಮೇಲೆ ದನಿ ಹೊರಬಿತ್ತು; ಬೆಂಚಿನವರ ನಗು ಅದರೆದುರು ಕುಗ್ಗುತ್ತಾ ನಿಂತೇ ಹೋಯಿತು.

"ಅವರಂತೂ ಹೇಳಲ್ಲ," ಎಂದ ಕಣ್ಣೊರೆಸಿಕೊಳ್ಳುತ್ತಾ. "ಇನ್ನೊಂದ್ಸಲ ನೀನೇ ಹೇಳೋ. ಆ ದನೀಲೇ."

ಜಾಕಿರ್ ಮೂಗು ಹಿಡಿದ. ಕೆಮ್ಮಷ್ಟೇ ಬಂತು. ಮೂರ್ತಪ್ಪ ಇನ್ನೂ ಜೋರಾಗಿ ನಗುತ್ತಾ, ಉಗುರಿಲ್ಲದ ಹೆಬ್ಬೆರಳಿನಿಂದ ಡಬ್ಬಿಯ ಮುಚ್ಚಳವನ್ನು ಸುತ್ತಲೂ ಒತ್ತಿ ಒತ್ತಿ ಮುಚ್ಚಿದ.