ನೀರಿನ ನಡುವೆ ಒಂದು ‘ಬಿಡು’

ಮಾವನ ಡ್ರೈವಿಂಗ್ ಪಾಠದಲ್ಲಿ ಇದ್ದದ್ದು ಎರಡೇ ಮಾತು: ‘ಒತ್ತು’, ‘ಬಿಡು’. ಕ್ಲಚ್ಚೋ ಬ್ರೇಕೋ, ಯಾವ ಕಾಲೋ, ಅದನ್ನೆಲ್ಲ ಬಿಡಿಸಿ ಹೇಳುವ ಗೋಜಿಗೆ ಅವರು ಹೋದವರಲ್ಲ. ಸೊಸೆ ಬೈಸಿಕೊಂಡು ಬೈಸಿಕೊಂಡೇ ಮರದ ಮಿಲ್ಲಿನ ಹಳೇ ಜೀಪನ್ನು ಪಳಗಿಸಿಕೊಂಡಿದ್ದಳು. ಕಲಿತದ್ದೆಲ್ಲ ಒಣ ನೆಲದಲ್ಲಿ. ನೀರೆಂದರೆ ಅವಳಿಗೆ ಚಿಕ್ಕಂದಿನಿಂದಲೂ ಜೀವ ಬಾಯಿಗೆ ಬರುತ್ತಿತ್ತು. ಬಕೆಟ್ಟಿಗಿಂತ ಆಳದ ನೀರಿಗೆ ಕಾಲಿಟ್ಟವಳೇ ಅಲ್ಲ.

ಅಂಥವಳು ಇವತ್ತು ಮುಳುಗಿದ ಸೇತುವೆಯಲ್ಲಿ ತೊಡೆಯವರೆಗಿನ ನೀರಿನಲ್ಲಿ ಕೋಲು ಊರುತ್ತ ನಡೆಯುತ್ತಿದ್ದಳು. ಬೆಳಿಗ್ಗೆ ಗರಗಸದ ಪಟ್ಟಿ ಕಿತ್ತು ಬಂದು ಗಂಡನ ಮುಂಗೈಯನ್ನು ಬೆರಳುಗಳವರೆಗೂ ಸೀಳಿಹಾಕಿತ್ತು. ನೀರು ಇಳಿಯುವವರೆಗೂ ಬರಲಾಗದು ಎಂದು ಆಂಬುಲೆನ್ಸಿನವರು ಫೋನಿನಲ್ಲೇ ಕೈಚೆಲ್ಲಿದ್ದರು. ಆಸ್ಪತ್ರೆ ಇದ್ದದ್ದು ಹೊಳೆಯಾಚೆ. ಕಣ್ಣಿಗೆ ಪೊರೆ ಬಂದ ಮೇಲೆ ಮಾವ ಸ್ಟಿಯರಿಂಗ್ ಮುಟ್ಟುವಂತಿರಲಿಲ್ಲ. ಅವರು ಜೀಪಿನ ಹಿಂದೆ ಮಗನ ತಲೆಯನ್ನು ಮಡಿಲಲ್ಲಿಟ್ಟುಕೊಂಡು, ಟವೆಲ್ ಬಿಗಿದ ಗಾಯವನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದರು.

“ಸೊಂಟಕ್ಕೆ ಬಂತು ಅಂದ್ರೆ ವಾಪಸ್ ಬಂದ್ಬಿಡಮ್ಮ,” ಎಂದು ಮಾವ ಹೇಳಿ ಕಳಿಸಿದ್ದರು.

ಸೊಂಟಕ್ಕೆ ಬರಲಿಲ್ಲ. ಬಂದುಬಿಡಬಾರದೇ ಎಂದು ಅವಳ ಮನಸ್ಸಿನ ಒಂದು ಮೂಲೆ ಹಾರೈಸಿತು, ಆಮೇಲೆ ಆ ಹಾರೈಕೆಗೇ ಹೆದರಿತು. ಸೇತುವೆ ಅಂಚಿನ ಕಲ್ಲುಗಳ ನೆತ್ತಿ ಅಲ್ಲಲ್ಲಿ ಕಾಣುತ್ತಿತ್ತು. ರಸ್ತೆ ಕೊಚ್ಚಿಹೋಗಿಲ್ಲ ಎಂದು ಕೋಲು ಹೇಳಿತು.

ವಾಪಸ್ ಬಂದು, ಮಾವ ಕೂತಲ್ಲಿಂದಲೇ ಹೇಳಿಕೊಟ್ಟಂತೆ, ಫ್ಯಾನು ನೀರನ್ನು ಇಂಜಿನ್ನಿಗೆ ಎರಚದಿರಲೆಂದು ಅದರ ಬೆಲ್ಟ್ ಕಳಚಿದಳು. ಕಿಟಕಿಗಳನ್ನು ಪೂರ್ತಿ ಇಳಿಸಿದಳು, ಸೀಟ್ ಬೆಲ್ಟ್ ಹಾಕಿಕೊಳ್ಳಲಿಲ್ಲ. ಮುಳುಗಿದರೆ ಹೊರಬೀಳಲು ಎಂದು ಇಬ್ಬರಿಗೂ ಗೊತ್ತಿತ್ತು. ನಾಲ್ಕೂ ಚಕ್ರಕ್ಕೆ ಎಳೆತ ಸಿಗುವಂತೆ ಸಣ್ಣ ಗೇರಿಗೆ ಹಾಕಿದಳು.

“ಒಂದೇ ಸಮ ಹೋಗ್ಬೇಕು. ಗೇರ್ ಬದಲಾಯಿಸ್ಬೇಡ, ಕ್ಲಚ್ ಮುಟ್ಬೇಡ. ಮುಂದೆ ಒಂದು ಅಲೆ ಏಳುತ್ತೆ, ಅದರ ಬೆನ್ನಿಗೇ ಹೋಗು. ನಿಂತ್ಯೋ, ಅದು ತಿರುಗಿ ನಮ್ಮ ಮೇಲೇ ಬರುತ್ತೆ.”

ಅಲೆ ಎದ್ದಿತು. ಬಾನೆಟ್ಟಿನ ಮುಂದೆ ಕಂದು ನೀರು ಎರಡು ಪಾಲಾಗಿ ಸರಿಯತೊಡಗಿತು. ಬಾಗಿಲ ಸಂದಿಯಿಂದ ಒಳಬಂದ ನೀರು ಅವಳ ಹಿಮ್ಮಡಿಯನ್ನು ತಣ್ಣಗೆ ಮುಟ್ಟಿದಾಗ ಕಿರುಚುವಂತಾಯಿತು. ತುಟಿ ಕಚ್ಚಿಕೊಂಡಳು.

ಸೇತುವೆಯ ನಡುಮಧ್ಯಕ್ಕೆ ಬಂದಿರಬೇಕು, ಹಿಂದಿನಿಂದ ಮಾವನ ಕೂಗು ಕೇಳಿತು: “ಬಿಡ್—”

ಬಿಡೋ ಎಂದರೆ ಗಂಡನಿಗೆ, ಬಿಡಮ್ಮ ಎಂದರೆ ಅವಳಿಗೆ. ಆ ಮಾತಿನ ಬಾಲವನ್ನು ನೀರಿನ ಸದ್ದು ನುಂಗಿಬಿಟ್ಟಿತ್ತು. ಅವಳ ಕಾಲಿಗೆ ಯೋಚಿಸುವ ಅಭ್ಯಾಸ ಇರಲಿಲ್ಲ, ವಿಧೇಯತೆ ಮಾತ್ರ ಇತ್ತು. ಅದು ಆಕ್ಸಿಲರೇಟರನ್ನು ಬಿಟ್ಟಿತು.

ಇಂಜಿನ್ ಎರಡು ಸಲ ಬಿಕ್ಕಿ ಸುಮ್ಮನಾಯಿತು. ಅಲೆ ತಿರುಗಿ ಬಂದು ಬಾನೆಟ್ಟಿಗೆ ರಪ್ಪೆಂದು ಬಡಿಯಿತು.

“ನಿಂಗಲ್ಲಮ್ಮ ಹೇಳಿದ್ದು! ಇವನು ಟವೆಲ್ ಬಿಚ್ತಾ ಇದ್ದ, ಇವನಿಗೆ ಹೇಳಿದ್ದು!” ಮಾವನ ದನಿ ಒಡೆಯಿತು.

“ಉರಿಯುತ್ತಪ್ಪಾ...” ಎಂದ ಗಂಡ, ಎಲ್ಲೋ ದೂರದಿಂದ ಅನ್ನುವವನ ಹಾಗೆ.

ಅವಳ ಕೈ ಕೀಗೆ ಹೋಯಿತು.

“ಮುಟ್ಬೇಡ! ಇಂಜಿನ್ ನೀರು ಕುಡಿದಿದ್ರೆ ಒಳಗೆಲ್ಲ ಮುರ್ಕೊಂಡು ಕೂರುತ್ತೆ. ಇವನನ್ನ ಹೊತ್ಕೊಂಡು ಹೋಗೋಣ.”

ಯಾರು ಹೊರುವುದು? ಕಣ್ಣು ಕಾಣದ ಮುದುಕರೋ, ನೀರಿಗೆ ಹೆದರಿ ಸಾಯುವ ತಾನೋ? ಜೀಪಿನ ಹಿಂಭಾಗ ಮೆಲ್ಲಗೆ ಪಕ್ಕಕ್ಕೆ ಜರುಗಿತು. ಇಲ್ಲೇ, ಇದರೊಳಗೇ, ಮೂವರೂ ಎಂದುಕೊಂಡಳು.

ಇಂಜಿನ್ನಿಗೆ ಗಾಳಿ ಎಳೆಯುವ ಕೊಳವೆ ಕಿಟಕಿಯ ಪಕ್ಕದಲ್ಲೇ ಮೇಲಕ್ಕೆ ಹೋಗಿತ್ತು. ಒದ್ದೆ ಕೈಯನ್ನು ಸೆರಗಿಗೆ ಗಸಗಸ ಒರೆಸಿ, ಹೊರಗೆ ಚಾಚಿ, ಅದರ ಬಾಯೊಳಕ್ಕೆ ಬೆರಳು ಹಾಕಿ ನೋಡಿದಳು. ಬೆರಳಿಗೆ ಧೂಳು ಮೆತ್ತಿತು.

“ಕುಡಿದಿಲ್ಲ ಮಾವ. ಒಳಗೆ ಒಣಗೇ ಇದೆ.”

ಮಾವ ಏನೋ ಅಂದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮದುವೆಯಾದ ಮೇಲೆ ಅದೇ ಮೊದಲು. ಗೇರಿನಲ್ಲೇ ಇಟ್ಟು ಕೀ ತಿರುಗಿಸಿದಳು. ಸ್ಟಾರ್ಟರಿನ ಎಳೆತಕ್ಕೇ ಜೀಪು ಕುಂಟುತ್ತ ಒಂದು ಮೊಳ ಸರಿಯಿತು, ಇನ್ನೊಂದು ಮೊಳ. ಆಮೇಲೆ ಇಂಜಿನ್ ಕೆಮ್ಮಿ, ಗುರುಗುಟ್ಟಿ, ಹಿಡಿಯಿತು. ಆಚೆ ದಡದ ಏರು ಹತ್ತುವವರೆಗೂ ಅವಳು ಉಸಿರಾಡಿದ್ದು ಅವಳಿಗೇ ನೆನಪಿಲ್ಲ. ಒದ್ದೆ ಬ್ರೇಕು ಹಿಡಿಯದೆ ಆಸ್ಪತ್ರೆಯ ಗೇಟಿನ ಕಂಬಕ್ಕೆ ಗುದ್ದಿಯೇ ಜೀಪನ್ನು ನಿಲ್ಲಿಸಬೇಕಾಯಿತು.

ಗಂಡನನ್ನು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ಮಾವ ಗೋಡೆಗೆ ಒರಗಿ ನಿಂತರು, ಅವಳು ಬಾಗಿಲನ್ನೇ ನೋಡುತ್ತ ನಿಂತಳು. ಎಷ್ಟೋ ಹೊತ್ತಾದ ಮೇಲೆ ನರ್ಸ್ ಹೊರಗೆ ಬಂದಳು.

“ಎರಡು ಬೆರಳು ಉಳಿಸಕ್ಕಾಗ್ಲಿಲ್ಲ. ಜೀವಕ್ಕೇನೂ ಭಯ ಇಲ್ಲ.”

“ಬೆರಳು ತಾನೇ? ಹೋಗ್ಲಿ ಬಿಡಿ, ಹೋಗ್ಲಿ,” ಎಂದಳು ಅವಳು, ಹರಿದ ಚಪ್ಪಲಿಯ ವಿಷಯ ಅನ್ನುವ ಹಾಗೆ. ಅಂದವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಹಲ್ಲು ಕಟಕಟ ಅನ್ನತೊಡಗಿತು. ಮಾವ ಗೋಡೆ ತಡವಿಕೊಂಡು ಬಂದು ಪಕ್ಕದಲ್ಲಿ ಕೂತರು. ಮಗನ ರಕ್ತ ಅವರ ಕೈಯಲ್ಲಿ ಒಣಗಿತ್ತು.

“ಮಾವಾ, ನಂಗೆ ಭಯ ಆಗ್ತಿದೆ.”

“ಆಗ್ಲಿ ಕಣಮ್ಮ,” ಎಂದು ಅವರು ಅವಳ ಕೈ ಹಿಡಿದುಕೊಂಡರು. “ಇನ್ನು ಎಷ್ಟು ಬೇಕಾದ್ರೂ ಹೆದರ್ಕೋ.”