ಹದಿನೇಳನೆಯ ಚೌಕ

ಪಟ್ಟಿ ಕಿತ್ತ ಜಾಗಕ್ಕೆ ರವಿಕೆ ತಾಗಿದಾಗೆಲ್ಲ ಬೆನ್ನು ಚುರುಗುಟ್ಟುತ್ತದೆ, ನಂಜನಗೂಡಿನ ಬಸ್‌ಸ್ಟ್ಯಾಂಡಿನ ಬೆಂಚಿಗೆ ಒರಗಲು ಮಹದೇವಮ್ಮನಿಗೆ ಇನ್ನೂ ಧೈರ್ಯವಿಲ್ಲ, ಸೋಮವಾರ ಪಟ್ಟಿ ಅಂಟಿಸಿದಾಗಿನಿಂದ ಒರಗಿಲ್ಲ, ಬೆನ್ನಿಗೆ ನೀರು ಹಾಕಿಲ್ಲ, ಬೆವರಬೇಡಿ ಅಂದಿದ್ದರು ಚರ್ಮದ ಡಾಕ್ಟರಮ್ಮ, ಈ ಬಿಸಿಲಲ್ಲಿ ಬೆವರದೆ ಇರುವುದು ಹೇಗೆ, ಕೆರೆಯಬೇಡಿ ಅಂದಿದ್ದರು, ಕೆರೆದುಕೊಡಲು ಗಂಡ ಚಲುವಯ್ಯನಾದರೂ ಎಲ್ಲಿದ್ದಾನೆ — ಬೆನ್ನ ತುಂಬ ಪುಟ್ಟ ಪುಟ್ಟ ಚೌಕ, ಒಂದೊಂದರಲ್ಲಿ ಒಂದೊಂದು ಔಷಧಿ, ಕೈಯಲ್ಲಿ ಗುಳ್ಳೆ ಎಬ್ಬಿಸುತ್ತಿರುವುದು ಯಾವುದೆಂದು ಬೆನ್ನು ಹೇಳುತ್ತದಂತೆ. ಬುಧವಾರ ಪಟ್ಟಿ ಕಿತ್ತು ನೋಡಿದರು, ಇವತ್ತು ಶುಕ್ರವಾರ ಮತ್ತೆ ನೋಡಿದರು, ಬೆರಳಿಂದ ಒತ್ತಿದರು, ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದರು, ಇದು ನನ್ನ ಬೆನ್ನಾ, ಇಷ್ಟು ಮುದಿಯಾಯಿತಾ, ಶಾಯಿಯಲ್ಲಿ ಬರೆದ ನಂಬರುಗಳು, ಎಲ್ಲ ಸುಮ್ಮನಿವೆ, ಹದಿನೇಳನೆಯದು ಮಾತ್ರ ಕೆಂಪಗೆ ಉಬ್ಬಿ ಕೂತಿದೆ. ಸೋಪಾ ಡಾಕ್ಟ್ರಮ್ಮ, ಛತ್ರದಲ್ಲಿ ಪಾತ್ರೆ ತೊಳೀತೀನಿ. ಸೋಪಲ್ಲ, ರಬ್ಬರಿಗೆ ಬೆರೆಸೋ ಒಂದು ವಸ್ತು, ರಬ್ಬರ್ ಗ್ಲೌಸ್ ಹಾಕ್ತೀರಾ, ಕೆಂಪು ಸರಿಯಾಗಿ ಮಣಿಕಟ್ಟಿಗೇ ನಿಂತಿದೆ ನೋಡಿ, ಮೊದಲು ಅದನ್ನು ಬಿಸಾಕಿ. ಬಾಗಿಲ ತನಕ ಬಂದವಳು ತಿರುಗಿ ಕೇಳಿದಳು, ಇದು ಅಂಟ್ತದಾ. ಇಲ್ಲಮ್ಮ, ಅಂಟೋ ಕಾಯಿಲೆಯೇ ಅಲ್ಲ, ಯಾರನ್ನು ಮುಟ್ಟಿದರೂ ಏನೂ ಆಗಲ್ಲ.

ಯಾರನ್ನು ಮುಟ್ಟಿದರೂ. ಏನೂ ಆಗಲ್ಲ. ಹಾಗಾದರೆ ಆ ಹನ್ನೊಂದು ತಿಂಗಳು — ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿ ಚಲುವಯ್ಯ ಹದಿನಾರು ಎಂಬ ಊರಿನ ಮನೆಯ ನಡುಮನೆಯಲ್ಲಿ ಮಲಗಿದ್ದಾಗ ಅವಳ ಕೈಯಲ್ಲಿ ಇದ್ದದ್ದು ಪಾತ್ರೆ ಉಜ್ಜಿದ ನಾಕು ಬಿರುಕು ಅಷ್ಟೆ, ನರಸೀಪುರಕ್ಕೆ ಕೊಟ್ಟ ಮಗಳು ರೋಜಾ ನೋಡಿ ಹೆದರಿದಳು, ಅವ್ವ, ಅಪ್ಪುಂಗೂ ಅಂಟ್ಕಂಡಾತು, ಪೇಟೆಬೀದಿಯಿಂದ ಗುಲಾಬಿ ಬಣ್ಣದ ಗ್ಲೌಸ್ ತಂದು ತಾನೇ ತೊಡಿಸಿದಳು, ಪಾಪ, ಅಪ್ಪನ ಮೇಲೆ ಪ್ರಾಣ ಅವಳಿಗೆ. ಅದನ್ನು ಹಾಕಿಕೊಂಡೇ ಮಹದೇವಮ್ಮ ಅವನ ಮೈ ಒರೆಸಿದಳು, ಮಗ್ಗುಲು ಹೊರಳಿಸಿದಳು, ಅನ್ನ ಕಲಸಿ ಬಾಯಿಗಿಟ್ಟಳು, ಅವನು ಮುಖ ತಿರುಗಿಸುತ್ತಿದ್ದ, ರಬ್ಬರ್ ವಾಸನೆಗೇನೋ, ಗುಳ್ಳೆ ಹೆಚ್ಚಾದಷ್ಟೂ ಹೆದರಿಕೆ ಹೆಚ್ಚಿತು, ಮಲಗುವಾಗಲೂ ಬಿಚ್ಚಲಿಲ್ಲ, ಆಷಾಢದಲ್ಲಿ ಅವನು ಹೋದಾಗ ಕಣ್ಣು ಮುಚ್ಚಿಸಿದ್ದೂ ಆ ಕೈಯಲ್ಲೇ, ಅವನ ರೆಪ್ಪೆ ಬೆಚ್ಚಗಿತ್ತೋ ತಣ್ಣಗಿತ್ತೋ ಅವಳಿಗೆ ಗೊತ್ತಾಗಲೇ ಇಲ್ಲ.

ಫೋನು. ರೋಜಾ. ಏನಂದ್ರವ್ವ ಡಾಕ್ಟ್ರು, ಯಾವ್ದ್ರಿಂದಂತೆ. ನಾಲಿಗೆಯ ತುದಿಗೆ ಬಂದಿತ್ತು, ನೀನು ತಂದ — ಇಲ್ಲ, ಆ ಮಗು ಉಳಿದ ಆಯಸ್ಸೆಲ್ಲ ಇದನ್ನು ಹೊತ್ತುಕೊಂಡು ತಿರುಗುವುದು ಬೇಡ, ಒಬ್ಬಳು ಹೊತ್ತರೆ ಸಾಕು. ಸೋಪಂತೆ ಕಣವ್ವ. ನಾನೇಳ್ನಿಲ್ವಾ, ಗ್ಲೌಸ್ ಬುಡ್ಬ್ಯಾಡ, ಅರ್ದೋಗಿದ್ರೆ ಬ್ಯಾರೆ ಜೊತೆ ತಂದ್ಕೊಡ್ತೀನಿ. ಊಂ, ತತ್ತಾ, ಅಂದಳು ಮಹದೇವಮ್ಮ.

ಹದಿನಾರಿನ ಬಸ್ಸು ಬಂತು, ಜನ ಹತ್ತಿದರು, ಅವಳು ಏಳಲಿಲ್ಲ, ಚಲುವಯ್ಯನ ಎಡಗೈ ಕಂಬಳಿಯೊಳಗಿಂದ ಎದ್ದು ಬಂದದ್ದು ಯಾವ ದಿನ, ಕೊನೇ ವಾರವಿರಬೇಕು, ಮಾತಿಲ್ಲದವನು ಎರಡು ಬೆರಳಿಂದ ಅವಳ ನಡುಬೆರಳ ತುದಿಯ ರಬ್ಬರು ಹಿಡಿದ, ಎಳೆದ, ಮೆಲ್ಲಗೆ, ಸುಮ್ಕಿರಿ, ನಿಮ್ಗೂ ಅಂಟ್ಕತದೆ ಅಂತ ಅವಳು ಕೊಸರಿಕೊಂಡಳು, ಅವನು ಬಿಡಲಿಲ್ಲ, ಗುಲಾಬಿ ಬೆರಳು ಉದ್ದವಾಯಿತು, ಎಳೆದ, ಬಸ್ಸು ಹೊರಟಿತು, ಎರಡು ಬೆರಳು, ರಬ್ಬರಿನ ತುದಿ, ಎಳೆದ, ಎಳೆಯುತ್ತಲೇ ಇದ್ದಾನೆ —